ಪೈಪು ಅಂಗಡಿಯ ದಾಸ್ತಾನು ಲೆಕ್ಕಕ್ಕೆ ಒಂದು ವ್ಯವಸ್ಥೆ: ಹತ್ತು ತಿಂಗಳ ಕೆಲಸದ ಟಿಪ್ಪಣಿ

ತಿಪಟೂರಿನ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮಾರು 1,860 ಬಗೆಯ ಸಾಮಾನುಗಳಿವೆ. ಅಪ್ಪ ಆರಂಭಿಸಿದ ಅಂಗಡಿಯನ್ನು ಈಗ ಅಣ್ಣ ನಡೆಸುತ್ತಾನೆ, ಅತ್ತಿಗೆ ಖರೀದಿ ಬಿಲ್ಲುಗಳನ್ನು ನೋಡಿಕೊಳ್ಳುತ್ತಾರೆ, ಕೌಂಟರಿನಲ್ಲಿ ಒಬ್ಬ ಹುಡುಗನಿದ್ದಾನೆ. ನಾನು ತುಮಕೂರಿನ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕದ ಕೆಲಸ ಮಾಡುತ್ತಾ, ಅಂಗಡಿಗೆ ರಜೆಯಿರುವ ಭಾನುವಾರಗಳಂದು ಊರಿಗೆ ಬರುತ್ತೇನೆ. ಬಿಲ್ಲುಗಳನ್ನು ತಿಂಗಳ ಕೊನೆಯಲ್ಲಿ ಆಡಿಟರ್ ಕಚೇರಿಯವರು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸುತ್ತಿದ್ದುದರಿಂದ ತೆರಿಗೆಯ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಇವತ್ತು ಗೋದಾಮಿನಲ್ಲಿ ಏನಿದೆ ಎಂಬುದು ಅಣ್ಣನ ತಲೆಯಲ್ಲಿ ಮಾತ್ರ ಇತ್ತು. ಪ್ರತಿ ಮಂಗಳವಾರ ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮನ್ ಆರ್ಡರ್ ಬರೆದುಕೊಳ್ಳಲು ಬಂದಾಗ, ಅಣ್ಣ ಎದ್ದು ಹೋಗಿ ರ್‍ಯಾಕುಗಳನ್ನೊಮ್ಮೆ ನೋಡಿ ಬಂದು, ನೆನಪಾದಷ್ಟನ್ನು ಬರೆಸುತ್ತಿದ್ದ. 2024ರ ಡಿಸೆಂಬರಿನಲ್ಲಿ ಒಂದೇ ಬಣ್ಣದ ಪೇಂಟಿನ 20 ಲೀಟರಿನ ನಾಲ್ಕು ಡಬ್ಬಗಳು ಗಟ್ಟಿಯಾಗಿ ಹಾಳಾದವು. ಅದೇ ವಾರ 63 ಮಿ.ಮೀ. ಎಲ್ಬೋ (ಪೈಪಿನ ತಿರುವಿಗೆ ಹಾಕುವ ಜೋಡಣೆ) ಇಲ್ಲದೆ ಮೂವರು ರೈತರು ಎದುರಿನ ಅಂಗಡಿಗೆ ಹೋದರು. ಈ ಕೆಲಸ ಅಲ್ಲಿಂದ ಶುರುವಾಯಿತು. ‘ಮಂಗಳವಾರ ಏನು ಬರೆಸಬೇಕು?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುವ ವ್ಯವಸ್ಥೆಯನ್ನು ಕಟ್ಟುವುದೆಂದು ನಿರ್ಧರಿಸಿಕೊಂಡೆ.

5 ಜನವರಿ 2025: ಸಾಮಾನು ಮತ್ತು ಖರ್ಚು

ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ 9,500 ರೂ., ಅದಕ್ಕೆ ಹಾಕಿದ 240 ಜಿ.ಬಿ. ಎಸ್‌ಎಸ್‌ಡಿಗೆ 1,600, ಯುಪಿಎಸ್‌ಗೆ 2,900, ಬಾರ್‌ಕೋಡ್ ಸ್ಕ್ಯಾನರಿಗೆ 1,700, ಲೇಬಲ್ ಪ್ರಿಂಟರಿಗೆ 8,200, ಆರು ಲೇಬಲ್ ರೋಲುಗಳಿಗೆ 1,080, ಬ್ಯಾಕಪ್ಪಿಗೆಂದು ಎರಡು ಪೆನ್‌ಡ್ರೈವುಗಳಿಗೆ 900. ಆಮೇಲೆ ಬಿದ್ದ 40 ರೂಪಾಯಿಯ ಒಂದು ಖರ್ಚನ್ನೂ ಸೇರಿಸಿದರೆ ಒಟ್ಟು 25,920 ರೂ. ಆಯಿತು. ತಂತ್ರಾಂಶಕ್ಕೆ ಹಣ ಕೊಟ್ಟಿಲ್ಲ. ಮಾಹಿತಿಯನ್ನು ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಲೈಟ್‌ನಲ್ಲಿಟ್ಟು, ಬಿಲ್ ಮಾಡುವ ಪರದೆಗಳನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಬರೆದೆ. ಮೊದಲಿಗೆ ಎಕ್ಸೆಲ್‌ನಂಥ ಲಿಬ್ರೆಆಫೀಸ್ ಕ್ಯಾಲ್ಕ್‌ನ ಒಂದು ಹಾಳೆಯಲ್ಲೇ ಮುಗಿಸಬಹುದೆಂದುಕೊಂಡಿದ್ದೆ. ಅತ್ತಿಗೆ ಖರೀದಿಯನ್ನೂ ಹುಡುಗ ಮಾರಾಟವನ್ನೂ ಏಕಕಾಲಕ್ಕೆ ತುಂಬಲು ಹೋಗಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿದ ಮೇಲೆ, ಮೂರನೆಯ ದಿನಕ್ಕೆ ಆ ಯೋಚನೆಯನ್ನು ಕೈಬಿಟ್ಟೆ.

12 ಮತ್ತು 19 ಜನವರಿ: ಪಟ್ಟಿ

ಸಾಮಾನುಗಳ ಹಳೆಯ ಪಟ್ಟಿಯೊಂದು ನುಡಿ ಅಕ್ಷರಶೈಲಿಯಲ್ಲಿ ಟೈಪಾಗಿತ್ತು. ಅದನ್ನು ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ಇದ್ದ ಹೆಸರುಗಳೆಲ್ಲ ಕಲಸಿಹೋದವು. ಅವುಗಳನ್ನು ಕೈಯಿಂದಲೇ ತಿದ್ದಿದೆವು. ಇದು ನಿರೀಕ್ಷಿತವೇ. ನಿಜವಾಗಿ ಸಮಯ ತಿಂದದ್ದು ಬೇರೆ. ‘ಪೈಪ್’ ಎಂದು ಹುಡುಕಿದರೆ ಅರ್ಧದಷ್ಟು ಪೈಪುಗಳು ಮಾತ್ರ ಸಿಗುತ್ತಿದ್ದವು, ಉಳಿದವು ಕಣ್ಣೆದುರು ಪಟ್ಟಿಯಲ್ಲಿದ್ದರೂ ಸಿಗುತ್ತಿರಲಿಲ್ಲ. ಒಂದು ಭಾನುವಾರ ಪೂರ್ತಿ ತಲೆಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಅತ್ತಿಗೆಯ ಮೊಬೈಲಿನ ಕೀಬೋರ್ಡ್ ಪದದ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆಯನ್ನು ಸೇರಿಸುತ್ತಿತ್ತು, ನನ್ನ ಕೀಬೋರ್ಡ್ ಸೇರಿಸುತ್ತಿರಲಿಲ್ಲ. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದಗಳು. ‘ಎಲ್ಬೋ’ ಪದದ ಓಕಾರವನ್ನು ಕೆಲವೆಡೆ ಒಂದೇ ಸಂಕೇತವಾಗಿ, ಕೆಲವೆಡೆ ಬಿಡಿಬಿಡಿಯಾಗಿ ಉಳಿಸಿಟ್ಟದ್ದೂ ಇಂಥದೇ ತೊಂದರೆ. ಈಗ ಯಾವ ಹೆಸರೇ ಆಗಲಿ, ಒಳಗೆ ಹೋಗುವ ಮುನ್ನ ಆ ಅದೃಶ್ಯ ಚಿಹ್ನೆಗಳನ್ನು ಕಿತ್ತು, ಸ್ವರಚಿಹ್ನೆಗಳನ್ನು ಒಂದೇ ರೂಪಕ್ಕೆ ತರುವ ನಾಲ್ಕು ಸಾಲಿನ ಕೋಡ್ ಇದೆ. ಕನ್ನಡದಲ್ಲಿ ಪಟ್ಟಿ ಮಾಡಲು ಹೊರಟವರು ಈ ನಾಲ್ಕು ಸಾಲುಗಳನ್ನು ಮೊದಲ ದಿನವೇ ಬರೆದುಕೊಳ್ಳುವುದು ಒಳ್ಳೆಯದು.

26 ಜನವರಿಯಿಂದ 9 ಫೆಬ್ರುವರಿ: ಲೇಬಲ್

ಕಂಪನಿ ಮಾಲಿನ ಮೇಲೆ 890ರಿಂದ ಆರಂಭವಾಗುವ ಹದಿಮೂರಂಕಿಯ ಬಾರ್‌ಕೋಡ್ ಮೊದಲೇ ಇರುತ್ತದೆ. ಚೀಲದಲ್ಲಿ ಬರುವ ಫಿಟ್ಟಿಂಗುಗಳಿಗೆ (ಪೈಪು ಜೋಡಣೆಯ ಬಿಡಿಭಾಗಗಳಿಗೆ) ಇರುವುದಿಲ್ಲ. ಅವುಗಳಿಗೆಂದು 50×25 ಮಿ.ಮೀ. ಅಳತೆಯ ಲೇಬಲ್ ಮುದ್ರಿಸಿ ರ್‍ಯಾಕುಗಳಿಗೆ ಅಂಟಿಸಿದೆವು. ಮುಂಬಾಗಿಲ ಬಳಿಯ ಬಿಸಿಲು ಬೀಳುವ ರ್‍ಯಾಕಿನ ಲೇಬಲುಗಳು ಮಾರ್ಚ್ ಕಳೆಯುವುದರೊಳಗೆ ಮಾಸಿ, ಸ್ಕ್ಯಾನರಿಗೆ ಕಾಣದಾದವು. ತಪ್ಪು ನನ್ನದೇ. ನಾನು ಕೊಂಡದ್ದು ಬಿಸಿ ತಾಗಿದಲ್ಲಿ ಕಾಗದವೇ ಕಪ್ಪಾಗುವ ಬಗೆಯ ಪ್ರಿಂಟರ್, ರಿಬ್ಬನ್ ಬಳಸುವಂಥದ್ದಲ್ಲ. ಆ ಭಾಗದ ಲೇಬಲುಗಳನ್ನು ಸಾಮಾನ್ಯ ಲೇಸರ್ ಪ್ರಿಂಟರಿನಲ್ಲಿ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಕಟ್ಟಿದೆವು.

16 ಫೆಬ್ರುವರಿಯಿಂದ 2 ಮಾರ್ಚ್: ಬಿಲ್ಲಾಗದ ಚಿಲ್ಲರೆ

ಅಂಗಡಿಯ ಲೆಕ್ಕದಲ್ಲಿ ದೊಡ್ಡ ತೂತು ಎಲ್ಲಿದೆಯೆಂದು ತಿಳಿಯಲು, ಫೆಬ್ರುವರಿ 16ರಂದು ನೂರು ಸಾಮಾನುಗಳನ್ನು ಎಣಿಸಿ ಕಂಪ್ಯೂಟರಿನ ಸಂಖ್ಯೆಯೊಂದಿಗೆ ಹೋಲಿಸಿದೆ. 58 ತಾಳೆಯಾಗಲಿಲ್ಲ, ಅವುಗಳಲ್ಲಿ ಹೆಚ್ಚಿನವು ವಾಷರ್, ಟೆಫ್ಲಾನ್ ಟೇಪು, ಅರ್ಧ ಇಂಚಿನ ಎಲ್ಬೋ, ಕ್ಲಾಂಪಿನಂಥ ಚಿಲ್ಲರೆ ಸಾಮಾನುಗಳು. ಕಾರಣ ಸರಳವಾಗಿತ್ತು. ಗ್ರಾಹಕರು ಜಿಎಸ್‌ಟಿ ನೋಂದಣಿ ಇಲ್ಲದವರಾಗಿದ್ದು ಬಿಲ್ ಕೇಳದಿದ್ದರೆ, 200 ರೂಪಾಯಿಗಿಂತ ಕಡಿಮೆ ಮೊತ್ತದ ಮಾರಾಟಗಳಿಗೆ ಬೇರೆ ಬೇರೆ ಬಿಲ್ ಬೇಕಿಲ್ಲ, ದಿನದ ಕೊನೆಯಲ್ಲಿ ಎಲ್ಲವನ್ನೂ ಸೇರಿಸಿ ಒಂದು ಬಿಲ್ ಮಾಡಿದರೆ ಸಾಕು. ತೆರಿಗೆಗೆ ಒಪ್ಪುವ ಈ ಅನುಕೂಲ ದಾಸ್ತಾನಿಗೆ ಒಪ್ಪುವುದಿಲ್ಲ, ಏಕೆಂದರೆ ಆ ಒಟ್ಟು ಬಿಲ್ಲಿನಲ್ಲಿ ಹಣ ಕಾಣುತ್ತದೆಯೇ ಹೊರತು ಯಾವ ವಾಷರ್ ಎಷ್ಟು ಹೋಯಿತೆಂಬುದು ಕಾಣುವುದಿಲ್ಲ.

ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಲೇಬೇಕೆಂದು ಹುಡುಗನಿಗೆ ಹೇಳಿದೆ. ಸಾಮಾನ್ಯ ದಿನಗಳಲ್ಲಿ ನಡೆಯಿತು. ಕೊಬ್ಬರಿ ಹರಾಜಿನ ದಿನ ಮಧ್ಯಾಹ್ನ, ಮಾರುಕಟ್ಟೆಯಿಂದ ನೇರವಾಗಿ ಬಂದವರು ಕೌಂಟರಿನ ಮುಂದೆ ಸಾಲುಗಟ್ಟಿದಾಗ, ಎಂಟು ರೂಪಾಯಿಯ ವಾಷರಿಗಾಗಿ ಬಾರ್‌ಕೋಡ್ ಹುಡುಕುತ್ತಿದ್ದ ಅವನ ಕೈಯಿಂದ ಅಣ್ಣ ಸ್ಕ್ಯಾನರ್ ಕಿತ್ತುಕೊಂಡು ಡ್ರಾಯರಿಗೆ ಹಾಕಿದ. ಮೂರೇ ದಿನಕ್ಕೆ ಆ ಪ್ರಯತ್ನ ಮುಗಿಯಿತು.

ಅದರ ಬದಲಿಗೆ, ಮಾರುವಾಗ ದಾಖಲಿಸುವುದನ್ನೇ ಬಿಟ್ಟು, ತುಂಬುವಾಗ ದಾಖಲಿಸುವ ಪದ್ಧತಿಗೆ ಬಂದೆವು. ಇಂಥ 140 ಸಾಮಾನುಗಳಿಗೆ ತಲಾ ಎರಡು ಡಬ್ಬಗಳು. ಎದುರಿನ ಡಬ್ಬದಿಂದ ಮಾರಬೇಕು. ಅದು ಬರಿದಾದಾಗ ಹಿಂದಿನದನ್ನು ಮುಂದಕ್ಕೆಳೆದು, ಅದರಲ್ಲಿರುವ ಚೀಟಿಯನ್ನು ಒಮ್ಮೆ ಸ್ಕ್ಯಾನ್ ಮಾಡಬೇಕು. ಒಂದು ಡಬ್ಬದಲ್ಲಿ ನೂರು ವಾಷರ್ ಇದ್ದರೆ, ಒಂದು ಸ್ಕ್ಯಾನಿಗೆ ನೂರು ಕಳೆಯುತ್ತದೆ, ಮಂಗಳವಾರದ ಪಟ್ಟಿಗೆ ಆ ಹೆಸರು ತಾನಾಗಿಯೇ ಸೇರುತ್ತದೆ. ಲೆಕ್ಕ ಒರಟು, ಆದರೆ ವಾಷರಿನ ವಿಷಯದಲ್ಲಿ ಅದಕ್ಕಿಂತ ನಯವಾದ ಲೆಕ್ಕ ಯಾರಿಗೂ ಬೇಕಿರಲಿಲ್ಲ.

9 ಮಾರ್ಚ್: ಹನ್ನೆರಡು ಪೈಪು ಮೂರಾದದ್ದು

ಪಿವಿಸಿ ಪೈಪು ಇಪ್ಪತ್ತಡಿಯ, ಅಂದರೆ 6 ಮೀಟರಿನ ಉದ್ದಗಳಲ್ಲಿ ಬರುತ್ತದೆ. ನಾವು ಕತ್ತರಿಸಿಯೂ ಮಾರುತ್ತೇವೆ. ಎಲ್ಲವನ್ನೂ ಅಡಿಯ ಲೆಕ್ಕದಲ್ಲಿ ಇಟ್ಟರೆ ಸುಲಭವೆಂದು ನಾನೇ ನಿರ್ಧರಿಸಿದ್ದೆ. ಬೋರ್‌ವೆಲ್ ಕೊರೆಸಿದ್ದ ರೈತರೊಬ್ಬರು ಫೋನ್ ಮಾಡಿ 63 ಮಿ.ಮೀ., ಆರು ಕೆ.ಜಿ. ಒತ್ತಡ ತಾಳುವ ಹತ್ತು ಪೈಪು ಇದೆಯೇ ಎಂದು ಕೇಳಿದಾಗ ಪರದೆಯ ಮೇಲೆ 240 ಅಡಿ ಎಂದಿತ್ತು. ಹನ್ನೆರಡು ಪೈಪಾಯಿತೆಂದು ಅಣ್ಣ ಬರಹೇಳಿದ. ಅವರು ಟ್ರ್ಯಾಕ್ಟರ್ ತಂದು ನಿಲ್ಲಿಸಿದಾಗ ಗೋದಾಮಿನಲ್ಲಿ ಇಡಿಯಾಗಿದ್ದದ್ದು ಮೂರು ಪೈಪು. ಉಳಿದ 180 ಅಡಿ ಏಳಡಿ, ಹನ್ನೊಂದಡಿ, ನಾಲ್ಕಡಿಗಳ ತುಂಡುಗಳ ರಾಶಿ. ಟ್ರ್ಯಾಕ್ಟರಿನ ಬಾಡಿಗೆಯನ್ನು ಅಣ್ಣನೇ ಕೊಟ್ಟ. ಆ ದಿನ ಅವನು ನನಗೆ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಮರುದಿನ ರಜೆ ಹಾಕಿ ಉಳಿದೆ. ಪ್ರತಿಯೊಂದು ಪೈಪಿಗೂ ‘ಇಡಿ’ ಮತ್ತು ‘ತುಂಡು’ ಎಂದು ಎರಡು ಬೇರೆ ಸಾಮಾನುಗಳನ್ನು ಮಾಡಿದೆ. ಇಡಿಯನ್ನು ಕತ್ತರಿಸಿದರೆ ಅದು ಮಾರಾಟವಲ್ಲ, ರೂಪಾಂತರ: ಒಂದು ಇಡಿ ಕಡಿಮೆಯಾಗಿ ಇಪ್ಪತ್ತಡಿ ತುಂಡು ಹೆಚ್ಚಾಗುತ್ತದೆ, ಮಾರಿದ್ದು ಆ ತುಂಡಿನಿಂದ ಕಳೆಯುತ್ತದೆ. ಮೂರಡಿಗಿಂತ ಚಿಕ್ಕದಾದದ್ದು ಗುಜರಿಗೆ. ತುಂಡುಗಳ ತುದಿಯಲ್ಲಿ ಮಾರ್ಕರಿನಿಂದ ಅಡಿ ಬರೆದಿಡುವ ನಿಯಮವನ್ನು ಹುಡುಗ ತಾನಾಗಿಯೇ ಸೇರಿಸಿದ, ಈಗ ಇಡಿ ಪೈಪಿಗೆ ಗರಗಸ ಹಾಕುವ ಮುನ್ನ ಮೊದಲು ರಾಶಿಯನ್ನೇ ನೋಡುತ್ತಾರೆ.

16 ಮಾರ್ಚ್: 2010ರಲ್ಲಿ ಬರೆದ ಬಿಲ್ಲುಗಳು

ಬೆಳಿಗ್ಗೆ ವರದಿ ತೆಗೆದರೆ ಶುಕ್ರವಾರದ ಮಾರಾಟ ಸೊನ್ನೆ. ಬಿಲ್ಲುಗಳು ಇದ್ದವು, ಆದರೆ 37 ಬಿಲ್ಲುಗಳ ದಿನಾಂಕ 1 ಜನವರಿ 2010. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವುದು ನಮ್ಮ ರೂಢಿ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನ ಸೆಲ್ ಸತ್ತಿದ್ದರಿಂದ ಗಡಿಯಾರ ಹಿಂದಕ್ಕೆ ಹೋಗಿತ್ತು. ಮೇಲೆ ಹೇಳಿದ 40 ರೂಪಾಯಿ ಈ ಸೆಲ್ಲಿನದು. ಜೊತೆಗೆ, ಇಂದಿನ ದಿನಾಂಕ ಕೊನೆಯ ಬಿಲ್ಲಿನ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಬಿಲ್ಲಿನ ಪರದೆ ತೆರೆಯದಂತೆ ಮಾಡಿದೆ.

ಅದೇ ದಿನ ಬ್ಯಾಕಪ್ಪನ್ನು ಮೊದಲ ಬಾರಿಗೆ ಪರೀಕ್ಷಿಸಿದೆ. ಎರಡು ತಿಂಗಳಿಂದ ಪ್ರತಿ ರಾತ್ರಿ ಡೇಟಾಬೇಸಿನ ಕಡತವನ್ನು ಪೆನ್‌ಡ್ರೈವಿಗೆ ನಕಲಿಸುತ್ತಿದ್ದೆವು. ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ ಶನಿವಾರದ ಬಿಲ್ಲುಗಳೇ ಇಲ್ಲ. ನಾನು ಆರಿಸಿಕೊಂಡಿದ್ದ ವಿಧಾನದಲ್ಲಿ ಎಸ್‌ಕ್ಯೂಲೈಟ್ ಹೊಸ ಬರವಣಿಗೆಯನ್ನು ಮೊದಲು ಪಕ್ಕದ ಇನ್ನೊಂದು ಕಡತದಲ್ಲಿಟ್ಟು ನಂತರ ಮೂಲ ಕಡತಕ್ಕೆ ಸೇರಿಸುತ್ತದೆ. ಮೂಲವನ್ನಷ್ಟೇ ನಕಲಿಸಿದರೆ ಕೊನೆಯ ವ್ಯವಹಾರಗಳು ಉಳಿದುಹೋಗುತ್ತವೆ. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆಜ್ಞೆಯನ್ನು ಬಳಸಲು ಆರಂಭಿಸಿದೆ. ಎರಡು ತಿಂಗಳಲ್ಲಿ ಯಂತ್ರ ಕೈಕೊಡದಿದ್ದುದು ನಮ್ಮ ಪುಣ್ಯ, ನನ್ನ ಜಾಣತನವಲ್ಲ.

20 ಏಪ್ರಿಲ್: ‘ಇಲ್ಲ’ ಎಂಬ ಗುಂಡಿ

ಇಷ್ಟಾದ ಮೇಲೆ ಮಂಗಳವಾರದ ಆರ್ಡರ್ ಪಟ್ಟಿಯನ್ನು ಕಂಪ್ಯೂಟರ್ ಕೊಡಲಾರಂಭಿಸಿತು. ಸೂತ್ರ ಕಷ್ಟದ್ದಲ್ಲ. ದಿನದ ಸರಾಸರಿ ಮಾರಾಟವನ್ನು ಮಾಲು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಸ್ವಲ್ಪ ಮೇಲ್ದಾಸ್ತಾನು ಸೇರಿಸಿದರೆ ಬರುವ ಸಂಖ್ಯೆಗಿಂತ ದಾಸ್ತಾನು ಕೆಳಗಿಳಿದಾಗ ಆರ್ಡರ್ ಹಾಕಬೇಕು. ಉದಾಹರಣೆಗೆ, ಇಡಿ ಪೈಪು ದಿನಕ್ಕೆ 11 ಹೋಗುತ್ತಿದ್ದು ಮಾಲು ಬರಲು 6 ದಿನ ಬೇಕಿದ್ದರೆ 66. ಮೇಲೆ 20 ಸೇರಿಸಿ, 86ಕ್ಕಿಂತ ಕಡಿಮೆಯಾದಾಗ ಪಟ್ಟಿಗೆ ಬರುತ್ತದೆ.

ಏಪ್ರಿಲ್ ನಡುವಿನಲ್ಲಿ, ಬೇಸಿಗೆಯ ವ್ಯಾಪಾರ ಏರಿದ್ದಾಗಲೇ, 63 ಮಿ.ಮೀ. ಎಲ್ಬೋಗೆ ಬೇಡಿಕೆ ಇಳಿಯುತ್ತಿದೆ, ಆರ್ಡರ್ ಕಡಿಮೆ ಮಾಡಿ ಎಂದು ಪಟ್ಟಿ ಹೇಳಿತು. ಅಣ್ಣ ನಕ್ಕು ಹಾಳೆಯನ್ನು ಪಕ್ಕಕ್ಕಿಟ್ಟ. ನಾನು ನಾಲ್ಕು ವಾರಗಳ ಅಂಕಿಗಳನ್ನು ತೆಗೆದು ನೋಡಿದೆ: 210, 195, 60, 0. ಒಟ್ಟು 465, ವಾರಕ್ಕೆ ಸರಾಸರಿ 116. ಲೆಕ್ಕ ಸರಿ, ಅರ್ಥ ತಪ್ಪು. ಮೂರನೆಯ ವಾರದ ಎರಡನೆಯ ದಿನವೇ ಎಲ್ಬೋ ಮುಗಿದಿತ್ತು. ಆಮೇಲೆ ಮಾರಾಟವಾಗದಿದ್ದುದು ಕೇಳುವವರಿಲ್ಲದೆ ಅಲ್ಲ, ಕೊಡಲು ಮಾಲಿಲ್ಲದೆ. ಮಾಲು ಇದ್ದದ್ದು 14 ದಿನ ಮಾತ್ರ. ಆ ದಿನಗಳಿಂದಷ್ಟೇ ಭಾಗಿಸಿದರೆ ದಿನಕ್ಕೆ 33, ವಾರದ ಆರು ದಿನಕ್ಕೆ ಸುಮಾರು 199. ಮಾಲು ಖಾಲಿಯಾದಷ್ಟೂ ಬೇಡಿಕೆ ಕಡಿಮೆಯೆಂದು ತಿಳಿದು, ಇನ್ನೂ ಕಡಿಮೆ ತರಿಸುತ್ತಾ ಹೋಗುವ ಯಂತ್ರವನ್ನು ನಾನು ಕಟ್ಟಿ ನಿಲ್ಲಿಸಿದ್ದೆ.

ಮಾಲು ಇದ್ದ ದಿನಗಳನ್ನು ಮಾತ್ರ ಎಣಿಸುವಂತೆ ಸೂತ್ರ ತಿದ್ದಲು ಅರ್ಧ ಗಂಟೆ ಸಾಕಾಯಿತು. ಆದರೆ ಬಿಲ್ ಎಂಬುದು ಆದ ವ್ಯಾಪಾರದ ದಾಖಲೆ. ಆಗದ ವ್ಯಾಪಾರಕ್ಕೆ ನಮ್ಮಲ್ಲಿ ಕಾಗದವೇ ಇರಲಿಲ್ಲ. ಅದಕ್ಕಾಗಿ ಬಿಲ್ಲಿನ ಪರದೆಯಲ್ಲಿ ಕೆಂಪು ಬಣ್ಣದ ‘ಇಲ್ಲ’ ಗುಂಡಿಯೊಂದನ್ನು ಇಟ್ಟೆ. ಗ್ರಾಹಕರನ್ನು ಇಲ್ಲವೆಂದು ಕಳುಹಿಸುವಾಗ, ಹೆಸರು ಟೈಪ್ ಮಾಡಿ ಅದನ್ನು ಒತ್ತಬೇಕು. ‘ಇಲ್ಲದ್ದನ್ನೆಲ್ಲ ಬರ್ಕೊಂಡು ಕೂತ್ಕೊಳೋಕೆ ಇದೇನು ಅಂಗಡಿನಾ?’ ಎಂದು ಅಣ್ಣ ಕೇಳಿದ. ಎರಡು ವಾರ ನೋಡೋಣವೆಂದು ಒಪ್ಪಿಸಿದೆ.

ಎರಡು ವಾರಗಳಲ್ಲಿ 47 ದಾಖಲೆಗಳು ಬಂದವು. 22 ಖಾಲಿಯಾಗಿದ್ದ ಸಾಮಾನುಗಳು. 19 ನಾವು ಎಂದೂ ಇಟ್ಟೇ ಇಲ್ಲದವು. ಅವುಗಳಲ್ಲಿ ಎಂಟು ಬಾರಿ ಕೇಳಿದ್ದು 16 ಮಿ.ಮೀ. ಹನಿ ನೀರಾವರಿ ಪೈಪಿನ ಎಂಡ್ ಕ್ಯಾಪ್, ಎರಡು ರೂಪಾಯಿಯ ಸಾಮಾನು. ಅದಕ್ಕಾಗಿ ಬಂದವರು ಪೈಪನ್ನೂ ಬೇರೆಡೆಯೇ ಕೊಳ್ಳುತ್ತಿದ್ದರೆಂದು ಆಗ ಹೊಳೆಯಿತು. ಉಳಿದ ಆರು ದಾಖಲೆಗಳು ನನಗೆ ಅತ್ಯಂತ ಉಪಯೋಗವಾದವು: ಸಾಮಾನು ಅಂಗಡಿಯಲ್ಲಿಯೇ ಇತ್ತು, ಹುಡುಗನಿಗೆ ಸಿಕ್ಕಿರಲಿಲ್ಲ. ಪ್ರತಿ ಸಾಮಾನಿನ ಮುಂದೆ ರ್‍ಯಾಕಿನ ಸಂಖ್ಯೆಯನ್ನು ತೋರಿಸಲು ಆರಂಭಿಸಿದ್ದು ಅಲ್ಲಿಂದ. ಈಗ ಅಣ್ಣನೇ ಸೋಮವಾರ ರಾತ್ರಿ ಮೊದಲು ಕೇಳುವುದು ‘ಇಲ್ಲದ ಪಟ್ಟಿ’ಯನ್ನು.

15 ಜೂನ್: ಹನ್ನೊಂದು ಪುಟ ಒಂದಾದದ್ದು

ಆರಂಭದಲ್ಲಿ ವಾರಕ್ಕೊಮ್ಮೆ ಹನ್ನೊಂದು ಪುಟಗಳ ವರದಿ ಮುದ್ರಿಸಿ ಕೊಡುತ್ತಿದ್ದೆ. ಜೂನಿನಲ್ಲಿ ಮೊಳೆ ಕೊಂಡ ಗ್ರಾಹಕರೊಬ್ಬರ ಕೈಯಲ್ಲಿನ ಪೊಟ್ಟಣ ನೋಡಿದಾಗ ನನ್ನ ಬಣ್ಣದ ಗ್ರಾಫ್ ಕಾಣಿಸಿತು. ಅಂದೇ ಎಲ್ಲವನ್ನೂ ಎ4 ಹಾಳೆಯ ಒಂದು ಬದಿಗೆ ಇಳಿಸಿದೆ: ಈ ಮಂಗಳವಾರ ಬರೆಸಬೇಕಾದದ್ದು, ಅರುವತ್ತು ದಿನ ದಾಟಿದ ಉದ್ರಿ, ಆರು ತಿಂಗಳಿಂದ ಅಲುಗದ ಮಾಲು. ಮೊದಲ ಭಾಗವೂ ಎಲ್ಲ ಸಾಮಾನುಗಳನ್ನು ಹೊತ್ತಿರುವುದಿಲ್ಲ. 1,860ರಲ್ಲಿ 210 ಸಾಮಾನುಗಳಿಂದಲೇ ಮಾರಾಟದ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಹಣ ಬರುತ್ತದೆ. ಅವುಗಳನ್ನು ಮಾತ್ರ ಪ್ರತಿ ವಾರ, ಉಳಿದವನ್ನು ತಿಂಗಳಿಗೊಮ್ಮೆ ನೋಡುತ್ತೇವೆ.

ಅಲುಗದ ಮಾಲಿನ ಮೊತ್ತ 1.9 ಲಕ್ಷ ರೂ. ಎಂದು ಬಂತು. ಅದರಲ್ಲಿ ಹೆಚ್ಚಿನ ಪಾಲು ಹಳೆಯ ಜಿ.ಐ. (ಸತು ಲೇಪಿತ ಕಬ್ಬಿಣದ) ಫಿಟ್ಟಿಂಗುಗಳದು. ಗುಜರಿ ಬೆಲೆಗಾದರೂ ಕೊಟ್ಟುಬಿಡೋಣವೆಂದರೆ ಅಪ್ಪ ಒಪ್ಪಲಿಲ್ಲ. ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ ಎಂದರು. ಜುಲೈಯಲ್ಲಿ ಒಬ್ಬರು ಬಂದದ್ದೂ ನಿಜ, 340 ರೂಪಾಯಿಯ ಮಾಲು ಕೊಂಡದ್ದೂ ನಿಜ. ವಿಷಯ ಅಲ್ಲಿಗೇ ನಿಂತಿದೆ.

13 ಜುಲೈ: ಕೌಂಟರಿನ ಎರಡು ಮೊಳೆಗಳು

90 ಮೀಟರಿನ ವೈರ್ ಕಾಯಿಲುಗಳನ್ನು ನಾವು ಮೀಟರ್ ಲೆಕ್ಕದಲ್ಲಿಯೂ ಮಾರುತ್ತೇವೆ. ಒಂದೊಂದು ಕಾಯಿಲು ಮುಗಿದಾಗಲೂ ಕಂಪ್ಯೂಟರಿನಲ್ಲಿ ಎರಡು, ಎರಡೂವರೆ ಮೀಟರ್ ಉಳಿದಿರುತ್ತಿತ್ತು. ಹುಡುಗನ ಮೇಲೆ ಅನುಮಾನ ಬರುವ ಮೊದಲು ಟೇಪು ಹಿಡಿದದ್ದು ಒಳ್ಳೆಯದಾಯಿತು. ಕೌಂಟರಿನ ಹಲಗೆಯ ಮೇಲೆ ಅಪ್ಪ ಹಿಂದೆಂದೋ ಹೊಡೆದಿದ್ದ ಎರಡು ಹಿತ್ತಾಳೆ ಮೊಳೆಗಳ ನಡುವಿನ ಅಂತರ 1 ಮೀಟರ್ 3 ಸೆಂ.ಮೀ. ಇತ್ತು. ಆ ಅಳತೆಯಲ್ಲಿ ಕೊಟ್ಟರೆ 90 ಮೀಟರಿನ ಕಾಯಿಲು 87 ಮೀಟರ್ ಚಿಲ್ಲರೆಗೇ ಮುಗಿಯುತ್ತದೆ. ಮೊಳೆ ಕಿತ್ತು, ಅಳತೆ-ತೂಕ ಇಲಾಖೆಯ ಪರಿಶೀಲನಾ ಮುದ್ರೆಯುಳ್ಳ ಮೀಟರ್ ಕಡ್ಡಿಯನ್ನು ಅಲ್ಲಿ ಕೂರಿಸಿದೆವು.

21 ಸೆಪ್ಟೆಂಬರ್: ತೆರಿಗೆಯ ದರ

ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ, ತುಂತುರು ನೀರಾವರಿ ಸಲಕರಣೆಗಳದು ಶೇ. 12ರಿಂದ 5ಕ್ಕೆ ಇಳಿಯುವುದಿತ್ತು. ಹಿಂದಿನ ದಿನ, ಮಹಾಲಯ ಅಮಾವಾಸ್ಯೆಯ ಊಟ ಮುಗಿಸಿ ಕುಳಿತು, ಪಟ್ಟಿಯಲ್ಲಿದ್ದ ದರಗಳನ್ನು ಬದಲಿಸಿದೆ. ಪಿವಿಸಿ ಪೈಪು 18ರಲ್ಲಿಯೇ, ಗುದ್ದಲಿ ಸನಿಕೆಗಳು ತೆರಿಗೆ ಇಲ್ಲದೆಯೇ ಉಳಿದವು. ನಾಲ್ಕು ದಿನ ಎಲ್ಲವೂ ಸರಿಯಿತ್ತು. ಐದನೆಯ ದಿನ, ಮೇಸ್ತ್ರಿಯೊಬ್ಬರು ತಿಂಗಳ ಆರಂಭದಲ್ಲಿ ಕೊಂಡಿದ್ದ ಆರು ಮೂಟೆ ಸಿಮೆಂಟನ್ನು ಹಿಂದಿರುಗಿಸಿದಾಗ, ಶೇ. 28 ಕೊಟ್ಟು ಕೊಂಡವರಿಗೆ ವ್ಯವಸ್ಥೆ ಶೇ. 18ರ ಲೆಕ್ಕದಲ್ಲಿ ಹಣ ವಾಪಸ್ ತೋರಿಸಿತು. ದರವನ್ನು ಸಾಮಾನಿನ ಹೆಸರಿನ ಪಕ್ಕದಲ್ಲಿ ಒಂದೇ ಅಂಕಿಯಾಗಿ ಇಟ್ಟದ್ದೇ ತಪ್ಪು. ಈಗ ಪ್ರತಿ ದರಕ್ಕೂ ‘ಎಂದಿನಿಂದ’ ಎಂಬ ದಿನಾಂಕವಿದೆ, ವಾಪಸಾತಿಗೆ ಮೂಲ ಬಿಲ್ಲಿನ ಸಂಖ್ಯೆ ಕಡ್ಡಾಯ.

9 ನವೆಂಬರ್: ಈಗಿನ ಸ್ಥಿತಿ

ಇಂದು ಮತ್ತೆ ನೂರು ಸಾಮಾನುಗಳನ್ನು ಎಣಿಸಿದೆ. ಫೆಬ್ರುವರಿಯಲ್ಲಿ 58 ತಪ್ಪಿದ್ದವು, ಈಗ 17. ಈ ಹದಿನೇಳರಲ್ಲಿ ಹನ್ನೆರಡು ಪ್ಲಂಬರುಗಳು ಕೊಂಡೊಯ್ಯುವ ಫಿಟ್ಟಿಂಗುಗಳು. ಅವರು ಅಂದಾಜಿನ ಮೇಲೆ ಮೂವತ್ತು ಎಲ್ಬೋ ಒಯ್ದು, ಕೆಲಸ ಮುಗಿದ ಮೇಲೆ ಎಂಟನ್ನು ಚೀಲದಲ್ಲಿ ತಂದು ಕೌಂಟರಿನ ಮೇಲೆ ಸುರಿಯುತ್ತಾರೆ. ಒಯ್ದ ವಾರ ಬೇಡಿಕೆ ಉಬ್ಬುತ್ತದೆ, ತಂದ ವಾರ ಕುಗ್ಗುತ್ತದೆ. ಮೂಲ ಬಿಲ್ಲಿನ ಸಂಖ್ಯೆ ಕೇಳಿದರೆ ಬಿಲ್ ಯಾವ ಜೇಬಿನಲ್ಲಿದೆಯೋ ಅವರಿಗೇ ತಿಳಿಯದು. ಮಾರಾಟವೂ ಅಲ್ಲದ, ದಾಸ್ತಾನೂ ಅಲ್ಲದ ‘ಕೊಂಡೊಯ್ದದ್ದು’ ಎಂಬ ಮೂರನೆಯ ಖಾನೆಯೊಂದನ್ನು ತೆರೆದು, ನಮ್ಮಲ್ಲಿ ಖಾಯಮ್ಮಾಗಿ ಕೊಳ್ಳುವ ಮೂವರು ಪ್ಲಂಬರುಗಳ ಮೇಲೆ ಮುಂದಿನ ವಾರದಿಂದ ಪ್ರಯೋಗಿಸಲಿದ್ದೇವೆ. ಪರದೆ ಸಿದ್ಧವಾಗಿದೆ. ಹದಿನೈದು ದಿನಗಳೊಳಗೆ ವಾಪಸ್ ಬಾರದಿದ್ದರೆ ತಾನಾಗಿಯೇ ಬಿಲ್ ಆಗಬೇಕೆಂಬುದು ನನ್ನ ವಾದ. ಅವರ ಕೆಲಸ ಹದಿನೈದು ದಿನಕ್ಕೆ ಮುಗಿಯುವುದಿಲ್ಲವೆಂಬುದು ಅಣ್ಣನ ವಾದ. ಆ ಒಂದು ಅಂಕಿಯ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.